ಕಲ್ಲಿನಲ್ಲಿ ಕಂಡ ಕೀಲುಗಳು

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ದೇವರು ಮಲಗಿದ್ದಾನೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೆಟ್ಟದ ಮೇಲೆ ಕುಳಿತಿದ್ದಾನೆ. ನಾಗಮಂಗಲದಲ್ಲಿ ನೆಟ್ಟಗೆ ನಿಂತಿದ್ದಾನೆ. ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಕಾಲಿಗೆ ಕಾಲು ಅಡ್ಡವಿಟ್ಟು ಕೊಳಲೂದುತ್ತಿದ್ದಾನೆ. ಶಯನ, ಆಸನ, ಸ್ಥಾನಕ ಎಂದು ಶಿಲ್ಪಶಾಸ್ತ್ರವು ವಿಂಗಡಿಸಿರುವ ಭಂಗಿಗಳೆಲ್ಲ ಈ ನಾಲ್ಕು ತಾಲ್ಲೂಕುಗಳಲ್ಲೇ ನೋಡಸಿಗುತ್ತವೆ. ಭಕ್ತರಿಗೆ ಇವು ಭಗವಂತನ ಬೇರೆ ಬೇರೆ ರೂಪಗಳು. ಶರೀರವಿಜ್ಞಾನದ ಕಣ್ಣಿನಿಂದ ನೋಡಿದರೆ, ಮನುಷ್ಯನ ಎಲುಬುಗೂಡು ದಿನನಿತ್ಯ ನಡೆಸುವ ನಾಲ್ಕು ಕೆಲಸಗಳ ಚಿತ್ರವೂ ಇಲ್ಲಿದೆ.

ಎಲುಬುಗಳನ್ನು ಎಣಿಸುವ ಪ್ರಯತ್ನ ಭಾರತದಲ್ಲಿ ಬಹು ಹಳೆಯದು. ಚರಕಸಂಹಿತೆಯ ಪ್ರಕಾರ ಅವು 360. ಸುಶ್ರುತಸಂಹಿತೆಯ ಪ್ರಕಾರ 300. ಇಂದಿನ ಲೆಕ್ಕದಲ್ಲಿ ವಯಸ್ಕರಿಗೆ 206. ಪ್ರಾಚೀನರು ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಸೇರಿಸಿಕೊಂಡದ್ದು ಈ ಅಂತರಕ್ಕೆ ಮುಖ್ಯ ಕಾರಣವೆಂಬುದನ್ನು ವಿದ್ವಾಂಸ ರುಡಾಲ್ಫ್ ಹರ್ನ್ಲೆ 1907ರಲ್ಲೇ ವಿವರವಾಗಿ ಪರಿಶೀಲಿಸಿದ್ದರು. ಹೆಣವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಅನಂತರ ಕುಂಚದಿಂದ ಮೆಲ್ಲಗೆ ಉಜ್ಜಿ ಪದರಪದರವಾಗಿ ನೋಡಬೇಕೆಂದು ಸುಶ್ರುತ ವಿಧಿಸುತ್ತಾನೆ.

ಅದೇ ಗ್ರಂಥ 210 ಕೀಲುಗಳನ್ನು ಎಣಿಸಿ, ಅವನ್ನು ಎಂಟು ಬಗೆಗಳಾಗಿ ವಿಂಗಡಿಸುತ್ತದೆ. ಹೆಸರುಗಳಲ್ಲಿ ಕೆಲವು ಮನೆಯ ಬಳಕೆಯಿಂದಲೇ ಬಂದವು. ತೋಳು, ತೊಡೆಗಳ ಬುಡದ ಕೀಲು 'ಉಲೂಖಲ', ಅಂದರೆ ಒರಳು. ತಲೆಬುರುಡೆಯ ಎಲುಬುಗಳು ಸೇರುವ ಬಗೆ 'ತುನ್ನಸೇವನೀ', ಅಂದರೆ ಬಟ್ಟೆಯ ಹೊಲಿಗೆ. ಎಣ್ಣೆ ಹಚ್ಚಿದ ಅಚ್ಚಿನ ಮೇಲೆ ಗಾಲಿ ಸಲೀಸಾಗಿ ತಿರುಗುವಂತೆ ಶ್ಲೇಷ್ಮದಿಂದ ಕೀಲುಗಳು ಆಡುತ್ತವೆಂಬ ಹೋಲಿಕೆಯೂ ಅಲ್ಲಿದೆ. ಕೀಲೆಣ್ಣೆ ಹಾಕಿ ಗಾಡಿ ಹೂಡಿದ ರೈತರಿಗೆ ಇದರ ವಿವರಣೆ ಬೇಕಿಲ್ಲ.

ಶಿಲ್ಪಿಗೆ ಎಲುಬಿನ ಸಂಖ್ಯೆ ಅಗತ್ಯವಿರಲಿಲ್ಲ. ಮುಖದ ಉದ್ದವನ್ನೇ ಒಂದು 'ತಾಲ'ವೆಂದು ಹಿಡಿದು ಇಡೀ ಮೂರ್ತಿಯನ್ನು ಅಳೆಯುವ ಕ್ರಮ ಅವನದು. ಆದರೆ ದೇಹದ ಭಾರ ಎಲ್ಲಿ ಬೀಳುತ್ತದೆ, ಯಾವ ಕೀಲು ಎತ್ತ ಬಾಗುತ್ತದೆ ಎಂಬುದನ್ನು ಕಣ್ಣಿಟ್ಟು ನೋಡದೆ ಅವನ ಉಳಿ ನಡೆಯುವಂತಿರಲಿಲ್ಲ.

ಶ್ರೀರಂಗಪಟ್ಟಣದ ರಂಗನಾಥ ಆದಿಶೇಷನ ಮೇಲೆ ಪವಡಿಸಿದ್ದಾನೆ. ಬೆನ್ನುಮೂಳೆಗೆ ಅತ್ಯಂತ ಕಡಿಮೆ ಹೊರೆ ಬೀಳುವುದು ಈ ಭಂಗಿಯಲ್ಲೇ. ಹಗಲೆಲ್ಲ ಭಾರಕ್ಕೆ ಅದುಮಿಹೋದ ಬೆನ್ನೆಲುಬಿನ ಬಿಲ್ಲೆಗಳು ರಾತ್ರಿ ಮತ್ತೆ ನೀರು ಹೀರಿ ಉಬ್ಬುತ್ತವೆ. ಆದ್ದರಿಂದಲೇ ಮನುಷ್ಯ ಬೆಳಿಗ್ಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿರುತ್ತಾನೆ. ಆದರೆ ಈ ವಿಶ್ರಾಂತಿ ಮಿತಿಮೀರಿದರೆ ಅಪಾಯ. ತಿಂಗಳುಗಟ್ಟಲೆ ಭಾರವಿಲ್ಲದ ಸ್ಥಿತಿಯಲ್ಲಿರುವ ಗಗನಯಾತ್ರಿಗಳ ಸೊಂಟ, ತೊಡೆಗಳ ಎಲುಬು ತಿಂಗಳಿಗೆ ಸುಮಾರು ಶೇಕಡಾ ಒಂದರಷ್ಟು ಸವೆಯುತ್ತದೆ. ದೇವರ ಯೋಗನಿದ್ರೆ ಮನುಷ್ಯನಿಗೆ ಒಗ್ಗುವಂಥದಲ್ಲ.

ಮೇಲುಕೋಟೆಯ ಯೋಗನರಸಿಂಹನದು ಕುಳಿತ ಭಂಗಿ. ಮೊಣಕಾಲುಗಳನ್ನು ಬಳಸಿ ಬಿಗಿದ 'ಯೋಗಪಟ್ಟ'ವೇ ಈ ರೂಪದ ಗುರುತು. ಮೊಣಕಾಲು ಎತ್ತಿ ಕುಳಿತಾಗ ತೊಡೆಗಳು ಹೊರಕ್ಕೆ ಜಾರುತ್ತವೆ, ಬೆನ್ನು ಹಿಂದಕ್ಕೆ ವಾಲುತ್ತದೆ. ಇವನ್ನು ತಡೆಯಲು ಸೊಂಟದ, ಹೊಟ್ಟೆಯ ಮಾಂಸಖಂಡಗಳು ಸತತವಾಗಿ ದುಡಿಯಬೇಕು. ಆ ದುಡಿಮೆಯನ್ನು ಪಟ್ಟಿಯೊಂದು ವಹಿಸಿಕೊಂಡರೆ ಗಂಟೆಗಟ್ಟಲೆ ಕೂರಬಹುದು. ಹಳ್ಳಿಯ ಜಗಲಿಯ ಮೇಲೆ ಹಿರಿಯರು ಹೆಗಲ ಟವಲನ್ನೇ ಬೆನ್ನಿಗೂ ಮೊಣಕಾಲಿಗೂ ಸುತ್ತಿ ಕೂರುವುದರ ಗುಟ್ಟೂ ಇದೇ. ಮೇಜಿನ ಮುಂದೆ ಬೆನ್ನು ಬಾಗಿಸಿ ಕೂರುವುದು ಇದಕ್ಕೆ ತದ್ವಿರುದ್ಧ. ಹಾಗೆ ಕುಳಿತಾಗ ಬೆನ್ನಿನ ಬಿಲ್ಲೆಗಳ ಮೇಲಿನ ಒತ್ತಡ ನಿಂತಾಗ ಇರುವುದಕ್ಕಿಂತ ಹೆಚ್ಚು.

ನಾಗಮಂಗಲದ ಹೊಯ್ಸಳ ದೇಗುಲದ ಸೌಮ್ಯಕೇಶವನದು ಎರಡೂ ಪಾದಗಳ ಮೇಲೆ ಸಮನಾಗಿ ಭಾರ ಹಾಕಿದ ಸಮಭಂಗ. ನೋಡಲು ಸುಲಭವೆನಿಸುವ ಈ ನಿಲುವು ಬಲು ಜಾಣತನದ್ದು. ದೇಹದ ಭಾರದ ಗೆರೆ ಸೊಂಟದ ಕೀಲಿನ ತುಸು ಹಿಂದೆ, ಮೊಣಕಾಲಿನ ತುಸು ಮುಂದೆ ಇಳಿಯುತ್ತದೆ. ಆಗ ಸೊಂಟ, ಮೊಣಕಾಲುಗಳನ್ನು ಗಟ್ಟಿ ಅಸ್ಥಿರಜ್ಜುಗಳೇ ಬಿಗಿಹಿಡಿಯುತ್ತವೆ. ಮೀನಖಂಡ ಮಾತ್ರ ಮೆಲ್ಲಗೆ ದುಡಿಯುತ್ತಿರುತ್ತದೆ. ಈ ಕಟ್ಟುಗಳಿಲ್ಲದಿದ್ದರೆ ಎಲುಬಿನ ರಾಶಿ ಕುಸಿಯುವುದು ಖಂಡಿತ. ಇದನ್ನು ಪುರಾಣವೂ ಬಲ್ಲದು. ಪಾರ್ವತಿಯ ಮುನಿಸಿಗೆ ಸಿಕ್ಕಿ ರಕ್ತಮಾಂಸ ಕಳೆದುಕೊಂಡ ಭೃಂಗಿ ನಿಲ್ಲಲಾರದೆ ಹೋದಾಗ ಶಿವನು ಮೂರನೆಯ ಕಾಲು ಕೊಟ್ಟನಂತೆ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕದಲ್ಲಿ ಎಲುಬುಗೂಡಿನ ಭೃಂಗಿಯನ್ನು ಇಂದಿಗೂ ಕಾಣಬಹುದು.

ಕೃಷ್ಣರಾಜಪೇಟೆ ತಾಲ್ಲೂಕಿಗೆ ಬಂದರೆ ಕಲ್ಲು ಬಳುಕುತ್ತದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 1250ರಲ್ಲಿ, ವೀರ ಸೋಮೇಶ್ವರನ ಕಾಲದ್ದು. ಅಲ್ಲಿನ ವೇಣುಗೋಪಾಲನದು ಒಂದೇ ಕಾಲಿನ ಮೇಲೆ ಭಾರ ಹಾಕಿದ ನಿಲುವು. ಭಾರ ಒಂದು ಕಾಲಿಗೆ ಸರಿದೊಡನೆ ಮತ್ತೊಂದು ಪಕ್ಕದ ಸೊಂಟ ಇಳಿಯುತ್ತದೆ, ಅದನ್ನು ಸರಿದೂಗಿಸಲು ಬೆನ್ನೆಲುಬು ಬಳುಕುತ್ತದೆ, ಕುತ್ತಿಗೆ ಅತ್ತ ವಾಲುತ್ತದೆ. ಕುತ್ತಿಗೆ, ಸೊಂಟ, ಮೊಣಕಾಲು, ಹೀಗೆ ಮೂರು ಕಡೆ ಮುರಿದ ಗೆರೆಯಾದ್ದರಿಂದಲೇ ಇಂಥ ಭಂಗಿಗೆ ತ್ರಿಭಂಗವೆಂದು ಹೆಸರು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಗ್ರೀಸಿನ ಪಾಲಿಕ್ಲೀಟಸ್ ಈಟಿ ಹಿಡಿದ ಯುವಕನ ಮೂರ್ತಿಯಲ್ಲಿ ಕಡೆದದ್ದೂ ಭಾರ ಸರಿದ ಇಂಥದೇ ನಿಲುವನ್ನು. ಮನುಷ್ಯನ ಕೀಲುಗಳು ಎಲ್ಲೆಡೆ ಒಂದೇ ಆದ್ದರಿಂದ ಅವನ್ನು ಗಮನಿಸಿದ ಕಣ್ಣುಗಳೂ ಒಂದೇ ಸತ್ಯವನ್ನು ಕಂಡಿವೆ.

ಇದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ, 1171ರ ಬ್ರಹ್ಮೇಶ್ವರ ದೇವಾಲಯದ ಕಂಬಗಳ ಮೇಲೆ ಮದನಿಕೆಯರಿದ್ದಾರೆ. ಹೊಯ್ಸಳ ಮದನಿಕೆಯ ನೀಳ ಕೈಕಾಲುಗಳು ಮುರಿಯದಿರಲೆಂದು ಶಿಲ್ಪಿ ಸುತ್ತಲಿನ ಬಳ್ಳಿ, ಎಲೆಗಳ ನೆಪದಲ್ಲಿ ಕಲ್ಲಿನ ಆಸರೆ ಉಳಿಸುತ್ತಿದ್ದ. ಬಳಪದ ಕಲ್ಲಿಗೆ ಆಸರೆ ಹೊರಗಿನಿಂದಲೇ ಬರಬೇಕು. ದೇಹಕ್ಕೆ ಅದು ಒಳಗೇ ಇದೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಕಲ್ಲು ಎಷ್ಟೇ ಗಟ್ಟಿಯಾದರೂ ಕಾಲ ಕಳೆದಂತೆ ಸವೆಯುವುದೇ ಹೊರತು ಬೆಳೆಯದು. ಎಲುಬು ಹಾಗಲ್ಲ, ಅದು ಜೀವಂತ ವಸ್ತು. ಹೊತ್ತ ಭಾರಕ್ಕೆ ತಕ್ಕಂತೆ ಎಲುಬು ತನ್ನನ್ನು ತಿದ್ದಿಕೊಳ್ಳುತ್ತದೆಂದು ಜರ್ಮನ್ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ನಿರೂಪಿಸಿದ. ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುವ ಕೆಲಸ ಎಲುಬಿನೊಳಗೆ ಬದುಕಿರುವತನಕ ನಡೆದೇ ಇರುತ್ತದೆ. ಹಿತಮಿತವಾಗಿ ನಡೆದು, ಬಾಗಿ, ಹೊರೆ ಹೊತ್ತು, ಮಲಗಿ ಎದ್ದವರ ಮೈಯಲ್ಲಿ ಈ ಶಿಲ್ಪಿಯ ಉಳಿ ಎಂದೂ ಸುಮ್ಮನಿರುವುದಿಲ್ಲ.