ಕಿಲ್ಲಾರಿ ಭೂಕಂಪ ಮತ್ತು ವಿಜಯಪುರ ಸೀಮೆಯ ಮಾಳಿಗೆ ಮನೆಗಳು

1993ರ ಸೆಪ್ಟೆಂಬರ್ 30ರ ಗುರುವಾರ ನಸುಕಿನಲ್ಲಿ, 3 ಗಂಟೆ 56 ನಿಮಿಷದ ಸುಮಾರಿಗೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಬಳಿ ಪ್ರಬಲ ಭೂಕಂಪ ಸಂಭವಿಸಿತು. ಅದರ ಪ್ರಮಾಣ 6.2. ಹಿಂದಿನ ದಿನ ಅನಂತ ಚತುರ್ದಶಿ. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನ ಗಾಢ ನಿದ್ರೆಯಲ್ಲಿದ್ದರು. ಲಾತೂರ್ ಮತ್ತು ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಗಳಲ್ಲಿ ಸುಮಾರು 10 ಸಾವಿರ ಮಂದಿ ಮೃತಪಟ್ಟರು. ಸುರಿಯುತ್ತಿದ್ದ ಮಳೆ ರಕ್ಷಣಾ ಕಾರ್ಯಕ್ಕೆ ಅಡ್ಡಿಯಾಯಿತು.

ಕಂಪನವು ಕರ್ನಾಟಕದ ಉತ್ತರ ಜಿಲ್ಲೆಗಳಲ್ಲೂ ಅನುಭವಕ್ಕೆ ಬಂದಿತು. ಅಂದಿನ ವಿಜಾಪುರ ಜಿಲ್ಲೆಯ ಇಂಡಿ ಪಟ್ಟಣ ಕಿಲ್ಲಾರಿಯಿಂದ ನೇರ ಅಂತರದಲ್ಲಿ ಸುಮಾರು 120 ಕಿ.ಮೀ., ಸಿಂದಗಿ 130 ಕಿ.ಮೀ. ದೂರದಲ್ಲಿವೆ. ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ಇನ್ನೂ ದಕ್ಷಿಣಕ್ಕಿವೆ. ಈ ತಾಲ್ಲೂಕುಗಳು ದುರಂತದಿಂದ ಪಾರಾದದ್ದು ದೂರದ ಕಾರಣದಿಂದಲೇ ಹೊರತು ಮನೆಗಳ ಗಟ್ಟಿತನದಿಂದಲ್ಲ.

ಏಕೆಂದರೆ ಕಿಲ್ಲಾರಿಯಲ್ಲಿ ಕುಸಿದ ಮನೆಗಳಿಗೂ ಭೀಮಾ ನದಿಯ ಈಚೆಗಿನ ಹಳ್ಳಿಗಳ ಹಳೆಯ ಮಾಳಿಗೆ ಮನೆಗಳಿಗೂ ಬಹಳ ಹೋಲಿಕೆಯಿದೆ. ಅಲ್ಲಿನ ಗೋಡೆಗಳು ಎರಡು ಅಡಿಗೂ ಮೀರಿ ದಪ್ಪವಾಗಿದ್ದವು. ಆದರೆ ಮಣ್ಣಿನ ಗಾರೆಯಲ್ಲಿ ಒರಟು ಕಲ್ಲುಗಳನ್ನಿಟ್ಟು ಒಳಮೈ, ಹೊರಮೈ ಬೇರೆಬೇರೆಯಾಗಿ ಕಟ್ಟಿ ನಡುವೆ ಕಲ್ಲುಚೂರು ತುಂಬಲಾಗಿತ್ತು. ಎರಡೂ ಮೈಗಳನ್ನು ಬೆಸೆಯುವ ಉದ್ದ ಕಲ್ಲುಗಳಿರಲಿಲ್ಲ. ನೆಲ ಅಲುಗಿದಾಗ ಅವು ಇಬ್ಭಾಗವಾಗಿ ಉರುಳಿದವು. ಮೇಲಿದ್ದ ಅಡಿಗಟ್ಟಲೆ ಮಣ್ಣಿನ ಮಾಳಿಗೆ ಮಲಗಿದ್ದವರ ಮೇಲೆ ಬಿದ್ದಿತು. ಬಿಸಿಲು ತಡೆಯಲು ಹೇರಿದ ಮಣ್ಣೇ ಸಮಾಧಿಯಾಯಿತು. ಮರದ ಕಂಬ, ತೊಲೆಗಳ ಚೌಕಟ್ಟು ಭದ್ರವಾಗಿದ್ದ ಕಡೆ ಗೋಡೆ ಬಿದ್ದರೂ ಮಾಳಿಗೆ ನಿಂತ ಉದಾಹರಣೆಗಳಿವೆ.

ಈ ಪ್ರದೇಶ ಸುಭದ್ರವೆಂಬ ನಂಬಿಕೆ ಆಗ ಸರ್ಕಾರಿ ನಕ್ಷೆಯಲ್ಲೂ ಇತ್ತು. ಕಿಲ್ಲಾರಿಯು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ವಿಚಿತ್ರವೆಂದರೆ, 1992ರಲ್ಲಿ ಅದೇ ಊರಿನಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನಗಳಾಗಿದ್ದವು. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ಕೈಬಿಟ್ಟು ಕಿಲ್ಲಾರಿ ಸುತ್ತಲಿನ ಪ್ರದೇಶವನ್ನು ಮೂರನೇ ವಲಯಕ್ಕೆ ಸೇರಿಸಲಾಯಿತು. ವಿಜಾಪುರವೂ ಆ ಪಟ್ಟಿಯಲ್ಲಿ ಮೂರನೇ ವಲಯದಲ್ಲೇ ಇತ್ತು.

ವಿಶ್ವಬ್ಯಾಂಕ್ ನೆರವಿನ ಪುನರ್ವಸತಿ ಯೋಜನೆಯಡಿ ಮಹಾರಾಷ್ಟ್ರ ಸರ್ಕಾರ 52 ಗ್ರಾಮಗಳನ್ನು ಬೇರೆಡೆಗೆ ಸ್ಥಳಾಂತರಿಸಿತು. ಹೊಸ ಊರುಗಳ ಅಗಲ ರಸ್ತೆ, ಸಾಲುಮನೆಗಳು ಹಳೆಯ ಓಣಿಯ ಬದುಕಿಗೆ ಒಗ್ಗಲಿಲ್ಲವೆಂಬ ಟೀಕೆಯೂ ಬಂದಿತು. ಸ್ಥಳಾಂತರವಾಗದ ಊರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮನೆಗಳ ದುರಸ್ತಿ, ಬಲವರ್ಧನೆ ನಡೆಯಿತು.

ವಿಜಯಪುರ ಜಿಲ್ಲೆಯಲ್ಲಿ ಇತ್ತೀಚಿನ ವರ್ಷಗಳಲ್ಲೂ ಲಘು ಕಂಪನಗಳಾಗಿವೆ. 2022ರ ಜುಲೈ 9ರ ಬೆಳಿಗ್ಗೆ ವಿಜಯಪುರ ತಾಲ್ಲೂಕಿನ ಕನ್ನೂರು ಬಳಿ 4.4 ಪ್ರಮಾಣದ ಕಂಪನವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಾಖಲಿಸಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟಲಾಗದ ಕುಟುಂಬಗಳಿಗೆ ಕಿಲ್ಲಾರಿ ಸೀಮೆಯ ಬಲವರ್ಧನೆ ಕ್ರಮಗಳೇ ದಾರಿ: ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸುವುದು, ಗೋಡೆಯಲ್ಲಿ ರಂಧ್ರ ಕೊರೆದು ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿ ಎರಡೂ ಮೈಗಳನ್ನು ಬೆಸೆಯುವುದು, ಬಾಗಿಲಿನ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟುವುದು.