ಟಗ್–ಬಾರ್ಜ್ ಜೋಡಣೆ

ಸ್ವಂತ ಎಂಜಿನ್ ಇಲ್ಲದ ಬಾರ್ಜ್ ಅಥವಾ ತೇಲುವ ರಚನೆಯನ್ನು ಟಗ್‌ಗೆ ಬಿಗಿದು ಸಾಗಿಸುವ ವ್ಯವಸ್ಥೆ. ಹಳೆಯ ಕ್ರಮ ಎಳೆಯುವುದು. ಬಾರ್ಜ್‌ನ ಮುಂಭಾಗದ ಎರಡು ಮೂಲೆಗಳಿಂದ ಹೊರಟ ಸರಪಳಿಗಳು ಒಂದೆಡೆ ಕೂಡುತ್ತವೆ. ಅಲ್ಲಿಂದ ಉಕ್ಕಿನ ಹಗ್ಗ ಟಗ್‌ನ ವಿಂಚ್‌ಗೆ ಹೋಗುತ್ತದೆ. ಈ ಹಗ್ಗ ನಡುವೆ ನೀರಿನಲ್ಲಿ ಜೋತಿರಲೇಬೇಕು. ಅಲೆಗಳ ಜಗ್ಗಾಟವನ್ನು ತಾಳಿಕೊಳ್ಳುವುದು ಆ ಜೋಲೇ. ಬಿಗಿದ ಹಗ್ಗ ಕಡಿಯುತ್ತದೆ. ತಳ್ಳುವ ಕ್ರಮದಲ್ಲಿ ಬಾರ್ಜ್‌ನ ಹಿಂಬದಿಯ ಕಚ್ಚಿನೊಳಗೆ ಟಗ್ ಕೂರುತ್ತದೆ. ಎರಡೂ ಪಕ್ಕದ ದಪ್ಪ ಪಿನ್ನುಗಳು ಅದನ್ನು ಹಿಡಿದಿರುವುದರಿಂದ ಟಗ್‌ನ ಮೂತಿ ಏರಿಳಿಯಬಹುದೇ ಹೊರತು, ಬಾರ್ಜ್ ಬಿಟ್ಟು ತಾನೊಂದೇ ಪಕ್ಕಕ್ಕೆ ಹೊರಳಲಾರದು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ, ಇನ್ನೂ ಸ್ವಾರಸ್ಯದ ಏರ್ಪಾಡು ಮಂಗಳೂರಿನ ಕಡಲಲ್ಲಿದೆ: ಎಂಆರ್‌ಪಿಎಲ್ ತೈಲಾಗಾರಕ್ಕೆ ಕಚ್ಚಾತೈಲ ಇಳಿಸುವ ಎಸ್‌ಪಿಎಂ, ಅಂದರೆ ಸರಪಳಿಗಳಿಂದ ಕಡಲತಳಕ್ಕೆ ಕಟ್ಟಿದ ತೇಲುಬೋಯ್. ಬಂದರಿನೊಳಗೆ ಹಿಡಿಸದ ತೈಲಹಡಗು ಮೂತಿಯಿಂದ ಇದಕ್ಕೆ ಕಟ್ಟಿಕೊಂಡು, ಗಾಳಿ ತಿರುಗಿದತ್ತ ತಾನೂ ಸುತ್ತುತ್ತದೆ. ಹಡಗು ಮುಂದೆ ಸರಿದು ಬೋಯ್‌ಗೆ ಬಡಿಯದಂತೆ ಟಗ್ ಹಿಂದಿನಿಂದ ಜಗ್ಗಿ ಹಿಡಿದಿರುತ್ತದೆ. ತೇಲುವ ಕೊಳವೆಯ ಮೂಲಕ ತೈಲ ಬೋಯ್‌ಗೆ ಬಂದು, ಅಲ್ಲಿಂದ ಕಡಲತಳದ ಕೊಳವೆಯಲ್ಲಿ ದಡ ಸೇರುತ್ತದೆ.

ಕಟ್ಟು ಎಷ್ಟೇ ಗಟ್ಟಿಯಿದ್ದರೂ ಚಂಡಮಾರುತದ ಮುನ್ಸೂಚನೆ ಸಿಕ್ಕೊಡನೆ ಟಗ್‌ಗಳು ಬಂದರು ಸೇರುವುದೇ ಸರಿ. 2021ರ ಮೇ ತಿಂಗಳ ತೌಕ್ತೆ ಬಿರುಗಾಳಿಯಲ್ಲಿ ‘ಅಲಯನ್ಸ್’ ಎಂಬ ಟಗ್ ಮಗುಚಿತು. ‘ಕೋರಮಂಡಲ್ ಸಪೋರ್ಟರ್ 9’ ಎಂಬ ಇನ್ನೊಂದು ಟಗ್ ಮೂಲ್ಕಿ ಬಳಿಯ ಬಂಡೆಗಳಲ್ಲಿ ಸಿಕ್ಕಿಕೊಂಡಿತು. ಅದರ 9 ಸಿಬ್ಬಂದಿಯನ್ನು ಮೇ 17ರಂದು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ಪಾರುಮಾಡಿದವು.