ಕರಿನೀರು ದಾಟಿದವರ ಜಾಡು: ಕಾಫಿನಾಡಿನ ಮನೆತನಗಳು ಮತ್ತು ವಸಾಹತುಕಾಲದ ದಾಖಲೆಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಮನೆತನವೊಂದು ಕರಿನೀರಿನ ಶಿಕ್ಷೆಗೆ ಗುರಿಯಾದ ತನ್ನ ಹಿರೀಕನ ಜಾಡು ಹಿಡಿಯಬೇಕಾದರೆ, ಅವನನ್ನು ವಿಚಾರಿಸಿದ್ದು ಯಾರ ಆಳ್ವಿಕೆಯ ನ್ಯಾಯಾಲಯ ಎಂಬುದನ್ನು ಮೊದಲು ತಿಳಿಯಬೇಕು. ಆತ ಬದುಕಿದ ಬಗೆಯನ್ನು ಅರಿಯಲು ತೀರ್ಪಿನ ಕಾಗದವೊಂದೇ ಸಾಲದು ಎಂಬುದು ಈ ಲೇಖನದ ವಾದ.

ಘಟ್ಟದ ಗಡಿ

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಘಟ್ಟದ ಕೆಳಗಿನ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಮದರಾಸು ಆಧಿಪತ್ಯಕ್ಕೆ ಸೇರಿತು. ಘಟ್ಟದ ಮೇಲಿನ ಸೀಮೆ ಮೈಸೂರು ಒಡೆಯರಿಗೆ ಉಳಿಯಿತು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನಲ್ಲಿ ಸಿಕ್ಕಿಬಿದ್ದವನ ಕಡತವನ್ನು ಮದರಾಸಿನ ನ್ಯಾಯಾಂಗ ಇಲಾಖೆಯ ದಾಖಲೆಗಳಲ್ಲಿ, ಅಂದರೆ ಚೆನ್ನೈನ ಎಗ್ಮೋರ್ ಪತ್ರಾಗಾರದಲ್ಲಿ ಹುಡುಕಬೇಕು. ಮೈಸೂರಿನ ಕಡೆ ವಿಚಾರಣೆಯಾಗಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಿಂದ ಆರಂಭಿಸಬೇಕು. ಎರಡೂ ಕಡೆಯ ಪತ್ರವ್ಯವಹಾರದ ಪ್ರತಿಗಳಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹ ಮೂರನೆಯ ಆಕರ.

ಎರಡು ದಂಗೆಗಳು

ಈ ಭಾಗದಲ್ಲಿ ಶಿಕ್ಷೆಗಳ ಸರಣಿಗೆ ಕಾರಣವಾದ ಎರಡು ದಂಗೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಕಂದಾಯ ಗುತ್ತಿಗೆಯ ಸುಲಿಗೆಯಿಂದ ಬೇಸತ್ತ ನಗರ ಸೀಮೆಯ ರೈತರು 1830ರಲ್ಲಿ ಕೂಟ ಕಟ್ಟಿದರು. ಬೂದಿ ಬಸವಪ್ಪ ಮುಂದಾಳಾದ, ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಜೊತೆಗೂಡಿದ. 1831ರಲ್ಲಿ ಮೈಸೂರಿನ ಆಡಳಿತ ಕಂಪನಿಯ ಕಮಿಷನರುಗಳ ಕೈಸೇರಿತು. ತರೀಕೆರೆ ಮನೆತನದ ಸರ್ಜಾ ಹನುಮಪ್ಪ ನಾಯಕನನ್ನು 1834ರಲ್ಲಿ ಗಲ್ಲಿಗೇರಿಸಲಾಯಿತು.

ಎರಡನೆಯ ದಂಗೆಯ ಹಿನ್ನೆಲೆ ಬೇರೆ. ಅದೇ 1834ರಲ್ಲಿ ಕೊಡಗು ಕಂಪನಿಯ ವಶವಾಯಿತು. ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ದವಸದ ರೂಪದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. ಇದರಿಂದ ಅಸಮಾಧಾನ ಹೆಚ್ಚಿ, 1837ರ ಏಪ್ರಿಲ್ 5ರಂದು ಬಂಡಾಯಗಾರರು ಮಂಗಳೂರನ್ನು ವಶಪಡಿಸಿಕೊಂಡು 13 ದಿನ ಆಳಿದರು. ಬಂಡಾಯದ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ನೇಣಿಗೇರಿಸಿದರು. ಹಲವರಿಗೆ ಗಡೀಪಾರಿನ ಶಿಕ್ಷೆಯಾಯಿತು.

ಯಾವ ಕಡಲಾಚೆ?

ಕರಿನೀರು ಎಂದೊಡನೆ ಅಂಡಮಾನ್ ನೆನಪಾಗುತ್ತದೆ. ಆದರೆ ಅಲ್ಲಿನ ಶಾಶ್ವತ ಕೈದಿ ವಸಾಹತಿಗೆ 200 ಕೈದಿಗಳ ಮೊದಲ ತಂಡ ತಲುಪಿದ್ದು 1858ರ ಮಾರ್ಚ್ 10ರಂದು. ಸೆಲ್ಯುಲರ್ ಜೈಲು ಮುಗಿದದ್ದು 1906ರಲ್ಲಿ. 1858ಕ್ಕೂ ಮೊದಲಿನ ಕೈದಿಗಳು ಹೆಚ್ಚಾಗಿ ಬೆಂಕೂಲೆನ್, ಪೆನಾಂಗ್, ಮಲಾಕ್ಕಾ, ಸಿಂಗಾಪುರ, ಮಾರಿಷಸ್, ಬರ್ಮಾಗಳಿಗೆ ಹೋದವರು. 1837ರ ಕೈದಿಯನ್ನು ಅಂಡಮಾನಿನಲ್ಲಿ ಹುಡುಕುವುದು ವ್ಯರ್ಥ ಶ್ರಮ.

ಮೈಯ ಗುರುತು

ಕೈದಿಗಳ ಚಹರೆಪಟ್ಟಿ ಇಲ್ಲಿ ಅತಿ ಮುಖ್ಯ ಆಕರ. ಹೆಸರು, ತಂದೆಯ ಹೆಸರು, ಜಾತಿ, ವಯಸ್ಸು, ಊರು, ಎತ್ತರ, ಮೈಮೇಲಿನ ಗಾಯ, ಮಚ್ಚೆ, ಹಚ್ಚೆಗಳೆಲ್ಲ ಅದರಲ್ಲಿ ದಾಖಲಾಗುತ್ತಿದ್ದವು. ಬಂಗಾಳ, ಮದರಾಸು ಆಧಿಪತ್ಯಗಳಲ್ಲಿ ಜೀವಾವಧಿ ಕೈದಿಗಳ ಹಣೆಗೆ ಅಪರಾಧವನ್ನೇ ಹಚ್ಚೆ ಹಾಕುವ ಕ್ರೌರ್ಯವಿತ್ತು. 1849ರ ಕಾಯಿದೆ ಅದನ್ನು ನಿಲ್ಲಿಸಿತು. ಗುಮಾಸ್ತರು ಊರು, ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡಿರುವುದರಿಂದ ಹೆಸರೊಂದನ್ನೇ ನಂಬದೆ ತಂದೆಯ ಹೆಸರು, ವಯಸ್ಸು, ಮೈಗುರುತುಗಳನ್ನು ಒಟ್ಟಿಗೆ ತಾಳೆ ನೋಡಬೇಕು. ಇತಿಹಾಸಕಾರರಾದ ಕ್ಲೇರ್ ಆಂಡರ್ಸನ್ ಅವರ ಸಂಶೋಧನೆ ಇಂಥ ಚೂರುಪಾರು ವಿವರಗಳಿಂದಲೇ ಕೈದಿಗಳ ಬದುಕನ್ನು ಕಟ್ಟಿಕೊಟ್ಟಿದೆ.

ತೀರ್ಪಿನ ನಂತರ

ತೀರ್ಪು ಬಂದಂತೆ ಶಿಕ್ಷೆ ನಡೆಯಿತೆಂದು ಭಾವಿಸಲಾಗದು. ಉದಾಹರಣೆಗೆ, ಬ್ರಿಟಿಷರ ವಿರುದ್ಧ ದಂಗೆಯೆದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕರಿಗೆ 1858ರಲ್ಲಿ ವಿಧಿಸಿದ ಮರಣದಂಡನೆ ಮೊದಲು ಜೀವಾವಧಿ ಗಡೀಪಾರಿಗೆ, ಮತ್ತೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಆ ಸೆರೆಯ ತಾಣ ಸೇರುವ ಮೊದಲೇ ಅವರು ಗುಂಡೇಟಿನಿಂದ ತೀರಿಕೊಂಡರು. ತೀರ್ಪನ್ನಷ್ಟೇ ಓದಿದವರಿಗೆ ಈ ಕಥೆ ತಿಳಿಯುವುದಿಲ್ಲ.

ಕಡಲಾಚೆಯ ದಾಖಲೆ ಇನ್ನೂ ಹೆಚ್ಚು ಹೇಳುತ್ತದೆ. ಸಿಂಗಾಪುರದಲ್ಲಿ ಕೈದಿಗಳನ್ನು ಆರು ದರ್ಜೆಗಳಾಗಿ ವಿಂಗಡಿಸಿದ್ದರು. ಮೊದಲು ಸಂಕೋಲೆಯಲ್ಲಿ ರಸ್ತೆ ಕೆಲಸ. ನಡತೆ ಚೆನ್ನಾಗಿದ್ದರೆ ಉಸ್ತುವಾರಿ. ಕೊನೆಗೆ ಸ್ವಂತ ದುಡಿಮೆಗೆ ಪರವಾನಗಿ. ಅಲ್ಲಿನ ಸೇಂಟ್ ಆಂಡ್ರ್ಯೂಸ್ ಕೆಥೆಡ್ರಲ್ ಎದ್ದು ನಿಂತದ್ದು ಭಾರತೀಯ ಕೈದಿಗಳ ದುಡಿಮೆಯಿಂದ. ಅಂಡಮಾನಿನಲ್ಲೂ ಹಲವರು ಜಮೀನು ಪಡೆದರು, ಮದುವೆಯಾದರು. ಅವರ ಸಂತತಿ ಅಲ್ಲೇ ಬೇರೂರಿತು. ಊರಿನ ವಂಶಾವಳಿಯಲ್ಲಿ ಹೆಸರು ನಿಂತುಹೋದ ಮಾತ್ರಕ್ಕೆ ಅವನ ವಂಶ ನಿಂತಿತೆನ್ನಲಾಗದು.

ಆದ್ದರಿಂದ ಊರಿನ ಕಂದಾಯ ಲೆಕ್ಕ, ಹಿರಿಯರ ನೆನಪು, ನ್ಯಾಯಾಲಯದ ಕಡತ, ಕಡಲಾಚೆಯ ಕೈದಿಪಟ್ಟಿ ಇವು ನಾಲ್ಕನ್ನೂ ಒಟ್ಟಿಗೆ ಓದಬೇಕು. ಆ ಹಿರೀಕನನ್ನು ಅಪರಾಧಿಯೆಂದು ಮರೆಮಾಚುವುದೂ, ದಾಖಲೆಯಿಲ್ಲದೆ ಹುತಾತ್ಮನೆಂದು ಮೆರೆಸುವುದೂ ಅವನಿಗೆ ಮಾಡುವ ಅನ್ಯಾಯವೇ. ದುಡಿದು, ಕುಟುಂಬ ಕಟ್ಟಿ ಬಾಳಿದ ಮನುಷ್ಯನನ್ನು ಅವನ ಪೂರ್ಣ ಬದುಕಿನೊಂದಿಗೆ ಮನೆತನಕ್ಕೆ ಮರಳಿ ಸೇರಿಸಿಕೊಳ್ಳುವುದೇ ಇಂಥ ಸಂಶೋಧನೆಯ ಹೊಣೆ.